ಮೆಂಡೋಸಾದ ದ್ರಾಕ್ಷಾರಸ, ನಮ್ಮ ಜತ್ತದ ದ್ರಾಕ್ಷಿ ಪಡ



ಚರ್ಚಿನ ಯುವಕರು ವೈನ್ ಬಗ್ಗೆ ಬರೆಯುವುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಪ್ರತಿ ಭಾನುವಾರ ಪೀಠದ ಮೇಲೆ ರೊಟ್ಟಿಯ ಪಕ್ಕದಲ್ಲಿ ದ್ರಾಕ್ಷಾರಸ ಇರುತ್ತದೆ. ವಾರದ ಉಳಿದ ದಿನ ನಮ್ಮಲ್ಲಿ ಅರ್ಧ ಮನೆಗಳವರು ದ್ರಾಕ್ಷಿ ಪಡದಲ್ಲಿ ದುಡಿಯುತ್ತಾರೆ. ಇವೆರಡರ ನಡುವಿನ ದಾರಿ ಮಾತ್ರ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ದ್ರಾಕ್ಷಿ ಪೆಟ್ಟಿಗೆ ತುಂಬಿ ಮಾರ್ಕೆಟ್ಟಿಗೆ ಹೋಗುವುದನ್ನು ನೋಡಿದ್ದೇವೆ, ಶೆಡ್ಡಿನಲ್ಲಿ ಒಣಗಿ ಬೇದಾಣಿ ಆಗುವುದನ್ನು ನೋಡಿದ್ದೇವೆ. ಅದೇ ಹಣ್ಣು ವೈನ್ ಆಗುವುದನ್ನು ಬಿಳೂರ ಭಾಗದಲ್ಲಿ ನಾವ್ಯಾರೂ ಕಣ್ಣಾರೆ ಕಂಡಿಲ್ಲ.

ತಿಳಿದುಕೊಳ್ಳಬೇಕು ಅನಿಸಿದ್ದು ಒಂದು ಬಾಟಲಿಯಿಂದ. ನಮ್ಮ ಗುರುಗಳ ಗುರುದೀಕ್ಷೆಯ ಬೆಳ್ಳಿಹಬ್ಬಕ್ಕೆ ಇಟಲಿಯಲ್ಲಿ ನರ್ಸ್ ಆಗಿರುವ ಅಕ್ಕ ಒಬ್ಬರು ರಜೆಗೆ ಬಂದಾಗ ಅದನ್ನು ಕೊಟ್ಟರು. ಚೀಟಿಯ ಮೇಲೆ ‘ಮಾಲ್ಬೆಕ್, ಮೆಂಡೋಸಾ, ಅರ್ಜೆಂಟೀನಾ’ ಎಂದಿತ್ತು, ಕೆಳಗೆ ಸಣ್ಣದಾಗಿ 14% ಎಂದಿತ್ತು. ಯುವಸಭೆಯಲ್ಲಿ ಚಿಕ್ಕವನೊಬ್ಬ ಕೇಳಿದ: “ಫಾದರ್, ಪೂಜಿಯೊಳಗ ಇಡೂದು ಇದೇ ಏನ್ರಿ?” ಗುರುಗಳು ನಕ್ಕು ಹೇಳಿದ್ದಿಷ್ಟು. ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿ ಹಣ್ಣಿನಿಂದಲೇ ಆಗಿರಬೇಕು, ಬೇರೇನೂ ಬೆರೆಸಿರಬಾರದು, ಹುಳಿತು ಕೆಟ್ಟಿರಬಾರದು. ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮದ ಸಾರ ಇದು. ಬಣ್ಣ ಕೆಂಪೇ ಆಗಬೇಕೆಂದೇನೂ ಇಲ್ಲ. ಪೀಠದ ಬಿಳಿ ಬಟ್ಟೆಗೆ ಕಲೆಯಾಗುತ್ತದೆಂದು ಬಹಳ ಕಡೆ ಬಿಳಿಯದನ್ನೇ ಬಳಸುತ್ತಾರೆ. ಎಲ್ಲಿಂದ ತರಿಸಬೇಕೆಂದು ಧರ್ಮಪ್ರಾಂತ್ಯ ಹೇಳುತ್ತದೋ ಅಲ್ಲಿಂದಲೇ ತರಿಸಬೇಕು. ಹಾಗಾಗಿ ಈ ಬಾಟಲಿ ಪೀಠಕ್ಕಲ್ಲ, ಊಟಕ್ಕೆ.

ಬಾಗಿಲ ಹತ್ತಿರ ಕುಳಿತಿದ್ದ ಕಾಕು ಅಷ್ಟು ಹೊತ್ತು ಸುಮ್ಮನಿದ್ದವರು, ಆಗ ಎದ್ದು ನಿಂತರು. “ಬಾಟ್ಲಿ ಅಂದ್ರ ಬಾಟ್ಲಿರಿ ಫಾದರ್. ಹೆಸರು ಯಾವುದರೆ ಇರ್ಲಿ.” ಅಷ್ಟೇ ಹೇಳಿ ಹೊರಟುಹೋದರು.

ಕಾಕಾ ಹೋಗಿ ಆರು ವರ್ಷವಾಯಿತು. ದೇಶಿ ದಾರುವಿಗೆ ಹೊಲ ಹೋಯಿತು, ಆಮೇಲೆ ಅವರೇ ಹೋದರು. ಈಗ ಕಾಕು ಬೇರೆಯವರ ಪಡದಲ್ಲಿ ಚಾಟ್ನಿಯಿಂದ ಹಿಡಿದು ಬೇದಾಣಿ ಶೆಡ್ಡಿನವರೆಗೆ ಎಲ್ಲ ಕೆಲಸಕ್ಕೂ ಹೋಗುತ್ತಾರೆ. ಅವರ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಗುರುಗಳು ಬಾಟಲಿಯನ್ನು ಕಪಾಟಿನಲ್ಲಿಟ್ಟರು. “ಒಂದು ತಿಂಗಳು ಹಾಗೇ ಇರ್ಲಿ, ಅದು ಬಂದ ಊರಿನ ಬಗ್ಗೆ ಮೊದಲು ತಿಳ್ಕೊಂಡು ಬರ್ರಿ” ಎಂದರು.

ಆ ಒಂದು ತಿಂಗಳು ಓದಿದ್ದರಲ್ಲಿ ನಮಗೆ ಮೊದಲು ಹಿಡಿಸಿದ್ದು ವೈನ್ ಅಲ್ಲ, ನೀರು.

ಮೆಂಡೋಸಾ ಅರ್ಜೆಂಟೀನಾದ ಪಶ್ಚಿಮ ಅಂಚಿನಲ್ಲಿ, ಆಂಡಿಸ್ ಪರ್ವತದ ಮಗ್ಗುಲಲ್ಲಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಜತ್ತ ತಾಲ್ಲೂಕನ್ನು ಎಲ್ಲರೂ ಬರಗಾಲದ ತಾಲ್ಲೂಕು ಅನ್ನುತ್ತಾರಲ್ಲ, ನಮ್ಮ ಮಳೆಯ ಅರ್ಧದಷ್ಟೂ ಅಲ್ಲಿಗೆ ಬರುವುದಿಲ್ಲ. ಆದರೂ ಅರ್ಜೆಂಟೀನಾದ ವೈನಿನಲ್ಲಿ ಬಹುಪಾಲು ಬರುವುದು ಅಲ್ಲಿಂದಲೇ. ಆಂಡಿಸ್ ಮೇಲಿನ ಹಿಮ ಕರಗಿ ಹೊಳೆಯಾಗಿ ಇಳಿಯುತ್ತದೆ, ಆ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಪಡಗಳಿಗೆ ಹಾಯಿಸುತ್ತಾರೆ. ಸ್ಪೇನಿನವರು 1561ರಲ್ಲಿ ಮೆಂಡೋಸಾ ಪಟ್ಟಣ ಕಟ್ಟುವುದಕ್ಕೆ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಉವಾರ್ಪೆ ಜನ ಇಂಥ ಕಾಲುವೆಗಳನ್ನು ತೋಡಿದ್ದರು. ಇಂದಿಗೂ ಪಟ್ಟಣದ ಬೀದಿಗಳ ಅಂಚಿಗೆ ಕಾಲುವೆ ಹರಿಯುತ್ತದೆ, ಬೀದಿಯ ಮರಗಳು ಬದುಕಿರುವುದೂ ಅದರಿಂದಲೇ. ನೀರು ಹಂಚಲು 1884ರಲ್ಲೇ ಒಂದು ಕಾನೂನು ಮಾಡಿದರು. ಯಾವ ಪಡಕ್ಕೆ ಯಾವ ಹೊತ್ತಿಗೆ ಎಷ್ಟು ನೀರು ಎಂಬುದಕ್ಕೆ ಪಾಳಿ ಇದೆ, ಕಾಲುವೆಯ ಬಾಗಿಲು ತೆಗೆಯಲು ‘ತೊಮೆರೊ’ ಎಂಬ ಕೆಲಸದವನಿದ್ದಾನೆ. ನಮ್ಮ ನೀರಗಂಟಿಯೇ ಅನ್ನಿ.

ಇದನ್ನು ಓದುವಾಗ ನಮಗೆ ಮ್ಹೈಸಾಳ ಯೋಜನೆ ನೆನಪಾಗದೆ ಇರುತ್ತದೆಯೇ? ಕೃಷ್ಣೆಯ ನೀರನ್ನು ಮಿರಜ ತಾಲ್ಲೂಕಿನಲ್ಲಿ ಎತ್ತಿ, ಹಂತ ಹಂತವಾಗಿ ಪಂಪು ಮಾಡಿ ಕವಠೆ ಮಹಾಂಕಾಳ ದಾಟಿಸಿ ಜತ್ತಕ್ಕೆ ತರುವ ಯೋಜನೆ. ಅಲ್ಲಿ ನೀರು ಬೆಟ್ಟದಿಂದ ತಾನೇ ಇಳಿಯುತ್ತದೆ, ನಮ್ಮಲ್ಲಿ ಕರೆಂಟಿನಿಂದ ಏರಬೇಕು. ಏರದ ವರ್ಷ ಟ್ಯಾಂಕರ್ ಕೊಂಡು ಬಳ್ಳಿ ಉಳಿಸಿದವರು ನಮ್ಮ ನಡುವೆಯೇ ಇದ್ದಾರೆ. ಪೂರ್ವ ಭಾಗದ ಹಳ್ಳಿಗಳು ನೀರಿಗಾಗಿ ಯಾವ ರಾಜ್ಯದಲ್ಲಿರಬೇಕು ಎಂಬ ಮಾತನ್ನೇ ಎತ್ತಿದ್ದವು. ಅದು ರಾಜಕೀಯದ ಮಾತು, ಇಲ್ಲಿ ಬೇಡ.

ಇನ್ನು ಬಳ್ಳಿಯ ಕಥೆ. ಇದು ನಮಗೆ, ಅಂದರೆ ಚರ್ಚಿನವರಿಗೆ, ಹತ್ತಿರದ್ದು. ದಕ್ಷಿಣ ಅಮೆರಿಕಕ್ಕೆ ವೈನಿನ ದ್ರಾಕ್ಷಿಯನ್ನು ಕೊಂಡೊಯ್ದವರಲ್ಲಿ ಯಾಜಕರೂ ಇದ್ದರು, ಕಾರಣಗಳಲ್ಲಿ ಬಲಿಪೂಜೆಯೂ ಒಂದು. ಹಡಗಿನಲ್ಲಿ ತಿಂಗಳುಗಟ್ಟಲೆ ಬಂದ ದ್ರಾಕ್ಷಾರಸ ಕೆಡುತ್ತಿತ್ತು, ಬೆಲೆಯೂ ಹೆಚ್ಚು. ಹೀಗಾಗಿ ಹೋದಲ್ಲೆಲ್ಲ ಬಳ್ಳಿ ನೆಟ್ಟರು. 1550ರ ದಶಕದಲ್ಲಿ ಹುವಾನ್ ಸೆದ್ರೋನ್ ಎಂಬ ಗುರುಗಳು ಚಿಲಿಯಿಂದ ಆಂಡಿಸ್ ದಾಟಿಸಿ ಬಳ್ಳಿಯ ಕಡ್ಡಿಗಳನ್ನು ಅರ್ಜೆಂಟೀನಾಕ್ಕೆ ತಂದರೆಂದು ಅಲ್ಲಿನವರು ನೆನೆಯುತ್ತಾರೆ. ಆಗ ಹರಡಿದ ಮುಖ್ಯ ತಳಿಗೆ ಚಿಲಿಯಲ್ಲಿ ‘ಪಾಯಿಸ್’ ಎನ್ನುತ್ತಾರೆ. ಅದೇ ತಳಿ ಮೆಕ್ಸಿಕೊ ಮೂಲಕ ಕ್ಯಾಲಿಫೋರ್ನಿಯಾಕ್ಕೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಜೊತೆ ಹೋಗಿ ‘ಮಿಷನ್ ದ್ರಾಕ್ಷಿ’ ಎಂಬ ಹೆಸರು ಪಡೆಯಿತು. ಇವೆಲ್ಲ ಒಂದೇ, ಸ್ಪೇನಿನ ‘ಲಿಸ್ತಾನ್ ಪ್ರಿಯೆತೊ’ ಎಂಬ ಹಳೆಯ ತಳಿ ಎಂದು ಡಿಎನ್ಎ ಪರೀಕ್ಷೆಯಿಂದ ತಿಳಿದದ್ದು ಈ ಶತಮಾನದಲ್ಲಿ. ಚಿಲಿಯ ಮಾವುಲೆ, ಬಿಯೊಬಿಯೊ ಕಡೆಯ ಬಡ ರೈತರು ಇಂದಿಗೂ ಪಾಯಿಸ್‌ನ ಹಳೆಯ ಬಳ್ಳಿಗಳನ್ನು ಮಳೆಯ ನೀರಿನಲ್ಲೇ ಬೆಳೆಸುತ್ತಾರೆ.

ನಮ್ಮ ದೇಶದಲ್ಲೂ ಇಂಥ ಕಷ್ಟ ಇತ್ತು. ಬಳ್ಳಿ ಬೆಳೆಯದ ಕೇರಳದಲ್ಲಿ ಸಂತ ತೋಮಾಸರ ಕ್ರೈಸ್ತರು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಆ ರಸದಿಂದ ಬಲಿಪೂಜೆ ನಡೆಸುತ್ತಿದ್ದರೆಂದು ಪೋರ್ಚುಗೀಸರ ಕಾಲದ ಬರಹಗಳಲ್ಲಿದೆ. ಬೇದಾಣಿಯ ನಾಡಿನವರಾದ ನಮಗೆ ಈ ಮಾತು ತಿಳಿದದ್ದೇ ಖುಷಿ.

ಬಾಟಲಿಯಲ್ಲಿದ್ದ ಮಾಲ್ಬೆಕ್ ಮಾತ್ರ ಪೂಜೆಯ ಬಳ್ಳಿಯಲ್ಲ, ಅದು ಬಂದದ್ದು ಬಹಳ ತಡವಾಗಿ. ಅದರ ತವರು ಫ್ರಾನ್ಸಿನ ಕಾಊರ್ ಪ್ರದೇಶ. 1853ರಲ್ಲಿ ಮಿಶೆಲ್ ಪುಜೆ ಎಂಬ ಫ್ರೆಂಚ್ ಕೃಷಿತಜ್ಞ ಮೆಂಡೋಸಾದಲ್ಲಿ ಕೃಷಿಶಾಲೆ ಕಟ್ಟಲು ಬಂದಾಗ ಬೇರೆ ಕಡ್ಡಿಗಳ ಜೊತೆ ಇದನ್ನೂ ತಂದ. ಆತನನ್ನು ಕರೆಸಲು ಓಡಾಡಿದ ಸಾರ್ಮಿಯೆಂತೊ ಮುಂದೆ ಆ ದೇಶದ ಅಧ್ಯಕ್ಷನಾದ. ಶಾಲೆಯ ಮಸೂದೆ ಮಂಡನೆಯಾದ ಏಪ್ರಿಲ್ 17ನ್ನು ಈಗ ಮಾಲ್ಬೆಕ್ ದಿನವೆಂದು ಆಚರಿಸುತ್ತಾರೆ. 1885ರಲ್ಲಿ ರೈಲು ಬಂತು, ಅದರ ಹಿಂದೆ ಇಟಲಿ, ಸ್ಪೇನಿನಿಂದ ಹೊಟ್ಟೆಪಾಡಿಗೆ ಬಂದ ಕುಟುಂಬಗಳು ಬಂದವು. ಅತ್ತ ತವರಿನಲ್ಲಿ ಬೇರುಹೇನು ತಗುಲಿ ಬಳ್ಳಿಗಳು ನಾಶವಾದವು, ಮುಂದೆ 1956ರ ಹಿಮಕ್ಕೆ ಮತ್ತೊಮ್ಮೆ ಸತ್ತವು. ತವರಿನಲ್ಲಿ ಕುಗ್ಗಿದ್ದು ಗಂಡನ ಮನೆಯಲ್ಲಿ ಹಿಗ್ಗಿತು ಅನ್ನಬಹುದು. ಇಂದು ಮಾಲ್ಬೆಕ್ ಎಂದರೆ ಜಗತ್ತಿಗೆ ಮೊದಲು ನೆನಪಾಗುವುದು ಅರ್ಜೆಂಟೀನಾ.

ಅಲ್ಲಿನ ಒಳ್ಳೆಯ ಪಡಗಳು ಸಮುದ್ರಮಟ್ಟದಿಂದ 900, 1000, ಉಕೊ ಕಣಿವೆಯಲ್ಲಿ 1500 ಮೀಟರ್‌ವರೆಗೂ ಎತ್ತರದಲ್ಲಿವೆ. ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ಬಿಸಿಲಿನ ನೇರಳಾತೀತ ಕಿರಣ ಹೆಚ್ಚಾದಷ್ಟೂ ಹಣ್ಣು ತನ್ನ ರಕ್ಷಣೆಗೆ ಸಿಪ್ಪೆಯನ್ನು ದಪ್ಪ ಮಾಡಿಕೊಂಡು ಬಣ್ಣ ತುಂಬಿಕೊಳ್ಳುತ್ತದೆ. ಕೆಂಪು ವೈನಿನ ಗುಟ್ಟೆಲ್ಲ ಈ ಸಿಪ್ಪೆಯಲ್ಲೇ ಇದೆ. ಕಪ್ಪು ದ್ರಾಕ್ಷಿಯ ತಿರುಳು ಹಿಂಡಿ ನೋಡಿ, ರಸ ಬಹುಮಟ್ಟಿಗೆ ಬಿಳಿ. ಸಿಪ್ಪೆ, ಬೀಜದ ಸಮೇತ ದಿನಗಟ್ಟಲೆ ಹುದುಗಿಸಿದರೆ ಮಾತ್ರ ಕೆಂಪು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೋಗುತ್ತದೆ. ಬಿಎಸ್ಸಿಯಲ್ಲಿ ಈ ಸಮೀಕರಣ ಎಷ್ಟೋ ಸಲ ಬರೆದಿದ್ದೇವೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇಕಡಾ ಒಂದರಷ್ಟು ಆಲ್ಕೋಹಾಲ್. ನಮ್ಮ ಪಡದಲ್ಲಿ ಬ್ರಿಕ್ಸ್ ನೋಡುತ್ತೇವಲ್ಲ, ಅದು 24ರ ಆಸುಪಾಸು ಬಂದಾಗ ಕೊಯ್ದರೆ ಬಾಟಲಿಯ ಮೇಲೆ 14% ಎಂದು ಬರುತ್ತದೆ.

ಹಾಗಾದರೆ ನಮ್ಮ ಥಾಮ್ಸನ್, ಸೋನಾಕಾ, ತಾಸ್-ಎ-ಗಣೇಶ, ಮಾಣಿಕ್ ಚಮನ್ ಇವುಗಳಿಂದ ಕೆಂಪು ವೈನ್ ಯಾಕಾಗುವುದಿಲ್ಲ? ಸಕ್ಕರೆ ಬೇಕಾದಷ್ಟಿದೆ. ಆದರೆ ಇವು ತಿನ್ನಲೆಂದು ಆರಿಸಿದ ತಳಿಗಳು. ತೆಳು ಸಿಪ್ಪೆ, ಬೀಜವಿಲ್ಲ, ಕೆಂಪಿಲ್ಲ, ಒಗರಿಲ್ಲ. ಬಾಯಿಗೆ ಹಿತವಾಗಲೆಂದು ನಾವು ತೆಗೆದುಹಾಕಿದ್ದೆಲ್ಲ ಕೆಂಪು ವೈನಿಗೆ ಬೇಕಾದದ್ದೇ! ನಮ್ಮ ಕೈಯಲ್ಲಿ ಅವು ಬೇದಾಣಿ ಆಗುತ್ತವೆ. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ. ಒಂದು ಬಾಟಲಿ ವೈನಿಗೆ ಒಂದು ಕಿಲೋ ಹಣ್ಣು ಅಥವಾ ಸ್ವಲ್ಪ ಹೆಚ್ಚು ಸಾಕು.

ತಿಂಗಳು ಕಳೆದು ಒಂದು ಭಾನುವಾರ ಪೂಜೆಯ ನಂತರ ಊಟ ಇಟ್ಟೆವು. ಗುರುಗಳ ನಿಯಮ ಮೂರು: ಇಪ್ಪತ್ತೈದು ದಾಟಿದವರಿಗೆ ಮಾತ್ರ, ಊಟದ ಜೊತೆ ಮಾತ್ರ, ಒಬ್ಬರಿಗೆ ಎರಡು ಬೆರಳಿನಷ್ಟು ಮಾತ್ರ. ಬಾಟಲಿ ಒಂದೇ ಇದ್ದದ್ದರಿಂದ ಮೂರನೆಯದನ್ನು ಯಾರೂ ಮುರಿಯುವಂತಿರಲಿಲ್ಲ. ಕಾಕುವನ್ನು ಕರೆಯಲು ನಾವೇ ಮನೆಗೆ ಹೋದೆವು. “ಊಟಕ್ಕ ಬರ್ತೀನಿ, ಅದನ್ನ ಮುಟ್ಟೂದಿಲ್ಲ” ಎಂದರು. ಮುಟ್ಟಬೇಕೆಂದು ನಾವು ಕೇಳಿಯೂ ಇರಲಿಲ್ಲ.

ಅರ್ಜೆಂಟೀನಾದವರು ಇದನ್ನು ಕುಡಿಯುವುದು ‘ಅಸಾದೊ’ ಜೊತೆ, ಅಂದರೆ ಕಟ್ಟಿಗೆಯ ಕೆಂಡದ ಮೇಲೆ ನಿಧಾನವಾಗಿ ಸುಟ್ಟ ಮಾಂಸ. ಹಚ್ಚುವುದು ಉಪ್ಪು, ಹೆಚ್ಚೆಂದರೆ ಪಕ್ಕಕ್ಕೆ ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ವಿನೆಗರ್, ಎಣ್ಣೆ ಕಲಸಿದ ಚಟ್ನಿ. ಭಾನುವಾರ ಮನೆಮಂದಿಯೆಲ್ಲ ಸೇರಿ ಮಧ್ಯಾಹ್ನವಿಡೀ ತಿನ್ನುವ ಊಟ ಅದು. ಮೆಂಡೋಸಾದಲ್ಲಿ ‘ಎಂಪನಾದಾ’ ಎಂಬ ಕಡುಬೂ ಇದೆ. ನೋಡಲು ಥೇಟ್ ನಮ್ಮ ಕರ್ಜಿಕಾಯಿ, ಒಳಗೆ ಮಾತ್ರ ಖೀಮಾ, ಉಳ್ಳಾಗಡ್ಡಿ, ತತ್ತಿ. ನಾವು ಮಾಡಿದ್ದು ಮಾಡಗ್ಯಾಳ ಕುರಿಯ ಮಾಂಸ. ಅರ್ಧಕ್ಕೆ ಉಪ್ಪು, ಕರಿಮೆಣಸು ಹಚ್ಚಿ ಕೆಂಡದ ಮೇಲೆ ಸುಟ್ಟೆವು, ಇನ್ನರ್ಧ ನಮ್ಮ ಎಂದಿನ ಕೆಂಪು ರಸಾ. ಜೊತೆಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ.

ಮೊದಲ ಗುಟುಕಿಗೆ ಎಲ್ಲರ ಮುಖ ಕಿವುಚಿತು. ವೈನ್ ಎಂದರೆ ಶರಬತ್ತಿನಂತೆ ಸಿಹಿ ಎಂದುಕೊಂಡಿದ್ದೆವು, ಇದರಲ್ಲಿ ಸಿಹಿಯೇ ಇಲ್ಲ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಒಗರು. ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಆಮೇಲೆ ಸುಟ್ಟ ಮಾಂಸದ ತುಂಡು ತಿಂದು ಮತ್ತೊಂದು ಗುಟುಕು ತೆಗೆದುಕೊಂಡರೆ ಒಗರು ಅರ್ಧ ಇಳಿದಿತ್ತು, ಹಣ್ಣಿನ ವಾಸನೆ ಮೇಲೆ ಬಂತು. ಈಗ ಟ್ಯಾನಿನ್‌ಗೆ ಹಿಡಿಯಲು ಮಾಂಸದ ಪ್ರೋಟೀನು, ಕೊಬ್ಬು ಸಿಕ್ಕಿದೆ. ಎಣ್ಣೆಗಾಯಿಯ ಜೊತೆಗೂ ಚೆನ್ನಾಗಿತ್ತು, ಶೇಂಗಾ ಎಳ್ಳಿನ ಎಣ್ಣೆ ಅದೇ ಕೆಲಸ ಮಾಡಿರಬೇಕು. ಕೆಂಪು ರಸಾದ ಜೊತೆ ಮಾತ್ರ ಬಾಯಿ ಉರಿದುಹೋಯಿತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯ ಯಾವ ನರತುದಿಯನ್ನು ಕೆರಳಿಸಿ ‘ಬಿಸಿ’ ಎನಿಸುತ್ತದೋ, ಆಲ್ಕೋಹಾಲೂ ಅದನ್ನೇ ಕೆರಳಿಸುತ್ತದೆ. ಹೋಳಿಗೆಯ ಜೊತೆ ವೈನ್ ಬರೀ ಹುಳಿ. ನಮ್ಮ ತೀರ್ಪು: ನಮ್ಮ ಅಡುಗೆಗೆ ಮಜ್ಜಿಗೆಯೇ ಸರಿಯಾದ ಜೋಡಿ. ಮಾಲ್ಬೆಕ್‌ಗಾಗಿ ಖಾರ ಬಿಡಬೇಕೆಂದರೆ ಜತ್ತದವರು ಬಿಡುವುದಿಲ್ಲ.

ಅಂದಿನ ಮಾತು ಕಾನಾ ಊರಿನ ಮದುವೆಗೆ ಹೋಗದೆ ಇರಲಿಲ್ಲ. ಅರ್ಜೆಂಟೀನಾದವರೇ ಆದ ಜಗದ್ಗುರು ಫ್ರಾನ್ಸಿಸರು 2016ರ ಜೂನ್‌ನಲ್ಲಿ ಆ ಶುಭಸಂದೇಶದ ಬಗ್ಗೆ ಮಾತಾಡುತ್ತ, ಮದುವೆಯೂಟವನ್ನು ಚಹಾ ಕುಡಿದು ಮುಗಿಸುವುದೆಂದರೆ ನಾಚಿಕೆಯ ಮಾತಲ್ಲವೇ ಎಂದು ತಮಾಷೆ ಮಾಡಿದ್ದರು. ನಮ್ಮ ಊರ ಮದುವೆಗಳು ಮುಗಿಯುವುದೇ ಚಹಾದಲ್ಲಿ! ನಗು ಮುಗಿದ ಮೇಲೆ ಗುರುಗಳು ಎಫೆಸದವರಿಗೆ ಪೌಲರು ಬರೆದ ಪತ್ರವನ್ನು ನೆನಪಿಸಿದರು, ಅಲ್ಲಿ ಕುಡಿದು ಮತ್ತರಾಗುವುದನ್ನು ಸ್ಪಷ್ಟವಾಗಿ ತಡೆದಿದ್ದಾರೆ. ಬೈಬಲ್ಲಿನಲ್ಲಿ ಎರಡೂ ಇವೆ. ಒಂದನ್ನು ಓದಿ ಇನ್ನೊಂದನ್ನು ಮುಚ್ಚಿಡುವವರನ್ನು ನಾವು ಎರಡೂ ಕಡೆ ನೋಡಿದ್ದೇವೆ.

ಇದು ಬರೀ ಊಟದ ಮಾತಲ್ಲ. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದು ನಮ್ಮದೇ ಸಾಂಗಲಿ ಜಿಲ್ಲೆಯ ಪಲೂಸಿನಲ್ಲಿ ವೈನ್ ಪಾರ್ಕ್ ಮಾಡಿತು. ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಇಟಲಿಯವರ ಜೊತೆ ಸೇರಿ ನಡೆಸುವ ಫ್ರಾತೆಲ್ಲಿ ಕಂಪನಿ ಇದೆ, ಹೆಸರಿನ ಅರ್ಥ ‘ಸಹೋದರರು’. ಕರ್ನಾಟಕವೂ 2007ರಲ್ಲಿ ವೈನ್ ನೀತಿ ತಂದಿತು. 2022ರ ಜನವರಿ 27ರಂದು ಮಹಾರಾಷ್ಟ್ರ ಸಚಿವ ಸಂಪುಟ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಮಾರಲು ಒಪ್ಪಿದಾಗ ಕೊಟ್ಟ ಕಾರಣ ರೈತರ ಲಾಭ. ಅಣ್ಣಾ ಹಜಾರೆಯವರು ಉಪವಾಸ ಕೂರುವುದಾಗಿ ಹೇಳಿದರು. ನಮ್ಮ ಯುವಸಭೆಯಲ್ಲೂ ಎರಡು ಪಕ್ಷ ಆದವು. ನಮ್ಮ ಬಹುಮತದ ಅಭಿಪ್ರಾಯ ಹೇಳುತ್ತೇವೆ, ಒಪ್ಪದವರು ಬರೆಯಿರಿ. ಅಕಾಲಿಕ ಮಳೆಗೆ, ಡಾವಣಿ ರೋಗಕ್ಕೆ ಬೆಳೆ ಕಳೆದುಕೊಳ್ಳುವ ರೈತನಿಗೆ ಇನ್ನೊಂದು ಗಿರಾಕಿ ಸಿಕ್ಕರೆ ಒಳ್ಳೆಯದೇ. ಆದರೆ ವೈನಿಗೆ ಬೇರೆ ತಳಿ ಬೇಕು, ತಳಿ ಬದಲಿಸಿದರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಕೊಳ್ಳುವ ಕಂಪನಿ ಕೈಬಿಟ್ಟರೆ ಒಗರು ಹಣ್ಣನ್ನು ಬಜಾರಿನಲ್ಲಿ ಯಾರೂ ಕೇಳುವುದಿಲ್ಲ. ಬೇದಾಣಿಯನ್ನಾದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಾಸಗಾಂವದ ಸವಾಲು ಏರುವವರೆಗೆ ಕಾಯಬಹುದು. ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಬೇಳೆಯ ಪಕ್ಕದಲ್ಲಿ ಬಾಟಲಿ ಇಡುವುದಕ್ಕೆ ಮಾತ್ರ ನಾವು ಒಬ್ಬರೂ ಒಪ್ಪಲಿಲ್ಲ. ಕಾಕಾ ಸಂತೆಯ ಕಾಳು ಕಡಿಯ ದುಡ್ಡನ್ನು ಎಲ್ಲಿಗೆ ಒಯ್ಯುತ್ತಿದ್ದರೆಂದು ಗೊತ್ತಿರುವವರು ನಾವು.

ಊಟದ ದಿನ ಕಾಕು ಲೋಟ ಮುಟ್ಟಲಿಲ್ಲ, ಆದರೆ ನಾವು ಮೊಬೈಲಿನಲ್ಲಿ ತೋರಿಸಿದ ಮೆಂಡೋಸಾದ ಪಡದ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಅವರ ಪ್ರಶ್ನೆಗಳಿಗೆ ನಾವು ಗೂಗಲ್ ಮಾಡಿ ಮಾಡಿ ಸುಸ್ತಾದೆವು. “ಕಾಲುವಿ ಪಾಳಿ ಎಷ್ಟು ದಿನಕ್ಕೊಮ್ಮಿ?” “ಮ್ಯಾಲ ಕಟ್ಟಿದ್ದ ಜಾಳಿಗಿ ಬಿಸಲಿಗೋ ಹಕ್ಕಿಗೋ?” ಎರಡೂ ಅಲ್ಲ, ಆಲಿಕಲ್ಲಿಗೆ. ಅಲ್ಲಿ ಬೇಸಗೆಯ ಆಲಿಕಲ್ಲು ಒಂದು ತಾಸಿನಲ್ಲಿ ಇಡೀ ಪಡ ಉದುರಿಸುತ್ತದೆ. “ಹಂಗಾರ ಅವರದೂ ನಮ್ಮಂಗನ ಐತಿ” ಎಂದರು. ಒಂದು ಫೋಟೋ ಅವರ ಕೈಯಲ್ಲಿ ಬಹಳ ಹೊತ್ತು ಉಳಿಯಿತು. ಅದು ಕರೊದಿಯಾ ಮಾತೆಯದು, ಅಲ್ಲಿನ ದ್ರಾಕ್ಷಿ ತೋಟಗಳ ಪಾಲಕಿಯಾದ ಮರಿಯಮ್ಮನವರು. ಸುಗ್ಗಿಯ ಹೊತ್ತಿಗೆ, ಫೆಬ್ರವರಿ ಕೊನೆಯ ದಿನಗಳಲ್ಲಿ, ಮಾತೆಯ ಪ್ರತಿಮೆಯನ್ನು ಹೊತ್ತು ತರುತ್ತಾರೆ, ಮಹಾಧರ್ಮಾಧ್ಯಕ್ಷರು ಹೊಸ ಹಣ್ಣುಗಳನ್ನು ಆಶೀರ್ವದಿಸುತ್ತಾರೆ, ಘಂಟೆಗೆ ಬದಲು ನೇಗಿಲ ಕುಳಕ್ಕೆ ಬಡಿದು ಸುಗ್ಗಿ ಸಾರುತ್ತಾರೆ. ಅಲ್ಲಿ ಇದು ಸರಕಾರಿ ಸುಗ್ಗಿ ಹಬ್ಬದ ಭಾಗ. ನಮ್ಮ ಸುಗ್ಗಿಯೂ ಅದೇ ತಿಂಗಳು.

“ನಮ್ಮಲ್ಲಿ ಯಾಕ ಮಾಡಬಾರ್ದು?” ಎಂದು ಕೇಳಿದವರು ಕಾಕುವೇ. ಈ ಫೆಬ್ರವರಿಯ ಕೊನೆಯ ಭಾನುವಾರ ಮಾಡುವುದೆಂದು ಆಗಿದೆ. ಗುರುಗಳು ಹತ್ತು ಗಂಟೆಯ ಪೂಜೆಯ ನಂತರ ಇಟ್ಟುಕೊಳ್ಳೋಣ ಎಂದರೆ ಕಾಕು ಒಪ್ಪಲಿಲ್ಲ. “ಬಿಸಲಾಗೂದ್ರಾಗ ಹಣ್ಣು ಕಡದು ಪೊಟ್ಯಾಶ್ ನೀರಾಗ ಎದ್ದಿ ರ್‍ಯಾಕಿಗಿ ಹಾಕಬೇಕ್ರಿ. ಹತ್ತಕ್ಕ ಯಾರ್ ಬರ್ತಾರ? ಆರೂವರಿಗೆ ಬರ್ರಿ.” ಆರೂವರೆ ಎಂದೇ ನಿಗದಿಯಾಗಿದೆ, ಶೆಡ್ಡಿನ ಮುಂದೆ. ಬುಟ್ಟಿಯಲ್ಲಿ ಒಂದು ಗೊನೆ ಹಸಿ ದ್ರಾಕ್ಷಿ, ಒಂದು ಹಿಡಿ ಬೇದಾಣಿ, ಮತ್ತೆ ಕಾಕು ಹೇಳಿದಂತೆ ಕಾಲುವೆಯ ನೀರಿನ ಒಂದು ತಂಬಿಗೆ. ಹಳೆಯ ನೇಗಿಲ ಕುಳ ಯಾರ ಮನೆಯಲ್ಲಾದರೂ ಇದ್ದರೆ ಹಿಂದಿನ ದಿನವೇ ತಂದುಕೊಡಿ.